ಕತ್ತಿನ ಲೆಕ್ಕ

ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲದೆ ಏಳು ತಿಂಗಳಾಗಿತ್ತು. ಎರಡು ಮೋಟಾರು, ಹಳೆಯ ಲಿಫ್ಟೊಂದರಿಂದ ಬಿಚ್ಚಿ ತಂದ ಉಕ್ಕಿನ ತಂತಿಯ ಸುರುಳಿ, ಬಣ್ಣ ಬಣ್ಣದ ವೈರುಗಳು, ಅಡುಗೆಮನೆಯಿಂದ ನಾಪತ್ತೆಯಾಗಿ ಕೊನೆಗೆ ನಟ್ಟನಡುವೆ ಮೂರು ತೂತುಗಳೊಂದಿಗೆ ಪತ್ತೆಯಾದ ಒಂದು ಸ್ಟೀಲ್ ತಟ್ಟೆ, ಇವೆಲ್ಲ ಅಲ್ಲಿ ಠಿಕಾಣಿ ಹೂಡಿದ್ದವು. ಗಂಡ ಹೆಂಡತಿ ಇಬ್ಬರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುವುದಕ್ಕೆ ಒಗ್ಗಿಹೋಗಿದ್ದರು.

“ಅವಳಿಗೆ ಮೇಜು, ನನಗೆ ತೊಡೆ. ಸವತಿ ಅಂದ್ರೆ ಹೀಗಿರಬೇಕು,” ಎಂದು ಹೆಂಡತಿ ಒಂದು ದಿನ ಅಂದಳು. ಅಂದಿನಿಂದ ಆ ಯಂತ್ರಕ್ಕೆ ಸವತಿ ಎಂಬ ಹೆಸರೇ ಗಟ್ಟಿಯಾಯಿತು.

ಗಂಡನ ಕಸುಬು ಲಿಫ್ಟ್ ರಿಪೇರಿ. ಬೀದಿಯವರೆಲ್ಲ ಅವನನ್ನು ಲಿಫ್ಟ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಅವನು ಮಾಡಿಕೊಂಡು ಬಂದದ್ದು ಒಂದೇ ಕೆಲಸ: ಹಗ್ಗಕ್ಕೆ ತೂಗುಬಿದ್ದ ಪೆಟ್ಟಿಗೆ ಎಲ್ಲಿ ನಿಲ್ಲಬೇಕೋ ಅಲ್ಲೇ, ಒಂದು ಬೆರಳು ಆಚೆಗೂ ಹೋಗದೆ ಈಚೆಗೂ ಬಾರದೆ ನಿಲ್ಲುವಂತೆ ನೋಡಿಕೊಳ್ಳುವುದು. ಸವತಿಯೂ ಅದೇ ವಿದ್ಯೆಯ ಕೂಸು. ಗೋಡೆಯ ನೆತ್ತಿಯ ಎರಡು ಮೂಲೆಗಳಿಗೆ ಎರಡು ಮೋಟಾರು; ಎರಡರಿಂದಲೂ ಇಳಿಬಿದ್ದ ತಂತಿಗಳ ತುದಿಗೆ ಆ ತೂತು ತಟ್ಟೆ; ತಟ್ಟೆಯಲ್ಲಿ ಬಣ್ಣ ಚಿಮ್ಮುವ ಒಂದು ನಳಿಕೆ. ಒಂದು ತಂತಿಯನ್ನು ಎಳೆದು ಇನ್ನೊಂದನ್ನು ಸಡಿಲ ಬಿಟ್ಟರೆ ತಟ್ಟೆ ಗೋಡೆಯ ಯಾವ ಮೂಲೆಗೆ ಬೇಕಾದರೂ ಹೋಗುತ್ತದೆ. ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು, ಎಲ್ಲಿ ಬಣ್ಣ ಚಿಮ್ಮಬೇಕು ಎನ್ನುವುದನ್ನು ಒಂದು ಹಳೆಯ ಲ್ಯಾಪ್‌ಟಾಪ್ ಲೆಕ್ಕ ಹಾಕಿ ಹೇಳುತ್ತದೆ. ಹೇಳುವುದಕ್ಕೇನೋ ಇಷ್ಟೇ. ಮಾಡುವಷ್ಟರಲ್ಲಿ ಮೇಸ್ತ್ರಿಯ ತಲೆಯಲ್ಲಿ ಉಳಿದಿದ್ದ ನಾಲ್ಕು ಕಪ್ಪು ಕೂದಲೂ ಬೆಳ್ಳಗಾದವು.

ಹೆಂಡತಿ ಗೋಡೆಯ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುವವಳು. ಬೀದಿಗೆ ಅವಳು ಪೇಂಟರಮ್ಮ. ಎರಡು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು ಇಪ್ಪತ್ತು ವರ್ಷ ಅವಳು ಬರೆಯದ ಗೋಡೆಯಿಲ್ಲ. ಬಟ್ಟೆ ಅಂಗಡಿಯ ನಗುವ ಹೆಂಗಸು, ಶಾಲೆಯ ಆನೆ, ಬಸ್ ಡಿಪೋದ ಉದ್ದಕ್ಕೂ ಹಾರುವ ಕೊಕ್ಕರೆಗಳು, ಎಲ್ಲ ಅವಳ ಕೈಕೆಲಸವೇ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಹಲಗೆಯಿಂದ ಕಾಲು ಜಾರಿ ಬಿದ್ದಳು. ಹಗ್ಗ ಹರಿದಿದ್ದರೆ ಕಟ್ಟಿದ ಗಂಡನನ್ನು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು; ಹಗ್ಗ ಕಲ್ಲಿನಂತೆ ಗಟ್ಟಿಯಾಗಿತ್ತು. ಬಲಭುಜದ ಮೂಳೆ ಕೂಡಿಕೊಂಡಿತು, ಆದರೆ ಕೈ ಹೆಗಲಿಗಿಂತ ಮೇಲಕ್ಕೆ ಏಳಲಿಲ್ಲ. ತಲೆ ಬಾಚಿಕೊಳ್ಳಬೇಕಾದರೆ ಅವಳು ಕತ್ತು ಬಗ್ಗಿಸಿ ತಲೆಯನ್ನೇ ಕೈಯ ಹತ್ತಿರಕ್ಕೆ ತರಬೇಕಾಗಿತ್ತು.

ಬಿದ್ದ ಮೇಲೆ ಅವಳು ಗೋಡೆಗಳನ್ನು ನೋಡುವುದನ್ನೇ ಬಿಟ್ಟಳು. ಮಾರುಕಟ್ಟೆಗೆ ಹೋಗಲು ಐದು ನಿಮಿಷದ ದಾರಿ. ಡಿಪೋದ ಕೊಕ್ಕರೆಗಳು ಎದುರಾಗುತ್ತವೆಂದು ಹಿಂದಿನ ಓಣಿಗಳಲ್ಲಿ ಸುತ್ತಿ ಕಾಲು ಗಂಟೆ ನಡೆಯುತ್ತಿದ್ದಳು. ಮೇಸ್ತ್ರಿಗೆ ಇದು ಗೊತ್ತಿತ್ತು. ಅವನು ಬಾಯಿಬಿಟ್ಟು ಏನನ್ನೂ ಹೇಳದೆ ಮೇಜಿನ ಮುಂದೆ ಕೂತ. ಅವನ ಆಸೆ ಒಂದೇ: ಅವಳ ಚಿತ್ರ ಇನ್ನೊಮ್ಮೆ ಗೋಡೆ ಏರಬೇಕು. ಯಂತ್ರ ಯಾತಕ್ಕೆಂದು ಕೊನೆಗೂ ಹೇಳಿದ ದಿನ ಅವಳು, “ಒಳ್ಳೇದಾಯ್ತು. ನನ್ನ ಜಾಗಕ್ಕೆ ಬದಲಿ ಆಳು ಸಿಕ್ತು,” ಎಂದು ಒಳಗೆ ಹೋದಳು. ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು, ಆಗಲೇ ಬಿಗಿದಿದ್ದ ಸ್ಕ್ರೂವನ್ನೇ ಮತ್ತೆ ಬಿಗಿದ.

ಈಗ ಕತ್ತಿನ ಲೆಕ್ಕದ ವಿಚಾರ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನ ಎಡವಟ್ಟು ಅರ್ಥವಾಗುವುದಿಲ್ಲ. ಎತ್ತರದ ಗೋಡೆಯ ಮೇಲೆ ಮುಖವನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಕೆಳಗೆ ರಸ್ತೆಯಲ್ಲಿ ಕತ್ತೆತ್ತಿ ನಿಂತವನಿಗೆ ಅದು ಸರಿಯಾಗಿ ಕಾಣುವುದಿಲ್ಲ. ಗಲ್ಲ ದೊಡ್ಡದಾಗಿ, ಹಣೆ ಕುಗ್ಗಿಹೋಗಿ, ಯಾರೋ ತಲೆಗೆ ಮೊಟಕಿದ ಹಾಗಿರುತ್ತದೆ. ಅದಕ್ಕೇ ಮೇಲೆ ಮೇಲೆ ಹೋದಂತೆ ಚಿತ್ರವನ್ನು ಸ್ವಲ್ಪ ಸ್ವಲ್ಪ ಎಳೆದು ಉದ್ದ ಮಾಡಬೇಕು. ಪೇಂಟರಮ್ಮ ಇದಕ್ಕೆ ಕತ್ತಿನ ಲೆಕ್ಕ ಎನ್ನುತ್ತಿದ್ದಳು. ಕಾಗದದ ಮೇಲಿನ ನಕ್ಷೆಯನ್ನು ನೆಟ್ಟಗೇ ಬರೆದು ಚೌಕಳಿ ಹಾಕಿಕೊಳ್ಳುವಳು. ಗೋಡೆಯ ಮೇಲೆ ಮಾತ್ರ ಕೆಳಗಿನ ಚೌಕ ಒಂದು ಗೇಣು, ಮೇಲಿನದು ಗೇಣಿನ ಮೇಲೆ ನಾಲ್ಕು ಬೆರಳು. ಗೋಡೆಗೆ ಮೂಗು ತಾಗಿಸಿಕೊಂಡು ಕೂತವಳಿಗೆ ತಾನು ಬರೆಯುತ್ತಿರುವುದು ಕಾಣುವುದಿಲ್ಲವಲ್ಲ, ಅದಕ್ಕೇ ರಜೆಯ ದಿನಗಳಲ್ಲಿ ಮೇಸ್ತ್ರಿ ರಸ್ತೆಯ ಆಚೆ ನಿಂತು ಅವಳ ಕಣ್ಣಾಗುತ್ತಿದ್ದ. “ಮೂಗು ಬಲಕ್ಕೆ ಓಡ್ತಿದೆ ಕಣೇ!” ಎಂದು ಇವನು ಕೂಗುವುದು, “ನಿಮ್ಮ ಕತ್ತೇ ಸೊಟ್ಟ!” ಎಂದು ಅವಳು ಮೇಲಿಂದ ಕೂಗುವುದು. ದಾರಿಹೋಕರು ಸಂಸಾರ ಬೀದಿಗೆ ಬಿತ್ತು ಎಂದುಕೊಂಡು ನಿಂತು ನೋಡುತ್ತಿದ್ದರು.

ಸವತಿ ಹಿತ್ತಲ ಗೋಡೆಯ ಮೇಲೆ ಒಂದು ಡೊಂಕಿಲ್ಲದ ಬೆಕ್ಕನ್ನು ಬರೆದ ವಾರವೇ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಮನೆಗೆ ಬಂದರು. ಅಲ್ಲಿ ಮೂವತ್ತೆಂಟು ವರ್ಷ ದುಡಿದ ದೊಡ್ಡ ಸಿಸ್ಟರ್ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಿದ್ದರು. ಊರಿನ ಅರ್ಧ ಜನ ಮೊದಲು ಅತ್ತದ್ದು ಆಕೆಯ ಕೈಯಲ್ಲಿ. ಆ ಅರ್ಧ ಜನರ ತಾಯಂದಿರೆಲ್ಲ ಆಕೆಯ ಬಾಯಲ್ಲಿ ಚೆನ್ನಾಗಿ ಬೈಸಿಕೊಂಡವರು. ಪೇಂಟರಮ್ಮ, ಈಗ ಮದುವೆಯಾಗಿ ಬೇರೆ ಊರಲ್ಲಿರುವ ಮಗಳನ್ನು ಹೆತ್ತಾಗ “ಕಿರುಚೋಕೆ ಖರ್ಚು ಮಾಡೋ ಉಸಿರನ್ನ ಕೆಳಗೆ ಕಳಿಸಮ್ಮ!” ಎಂದು ಗದರಿದವರೂ ಅವರೇ. ಆಸ್ಪತ್ರೆಯ ರಸ್ತೆ ಕಡೆಯ ಗೋಡೆ ಖಾಲಿಯಿದೆ, ಮೂರು ಮಹಡಿ ಎತ್ತರ, ಒಂದು ಕಿಟಕಿಯೂ ಇಲ್ಲ, ಅಲ್ಲಿ ದೊಡ್ಡ ಸಿಸ್ಟರ್ ಮುಖ ಬೇಕು, ಕೈಯಲ್ಲೊಂದು ಕೂಸೂ ಇರಲಿ ಎಂದರು ಡಾಕ್ಟರಮ್ಮ.

“ನನ್ನ ಕೈ ನನ್ನ ಕಿವಿ ತನಕ ಹೋಗಲ್ಲ ಡಾಕ್ಟ್ರೇ. ಮೂರನೇ ಮಹಡಿಗೆ ಎಲ್ಲಿಂದ ಹೋಗುತ್ತೆ?” ಎಂದಳು ಪೇಂಟರಮ್ಮ.

“ಹೋಗುತ್ತೆ!” ಎಂದಿತು ಮೇಜಿನ ಹಿಂದಿನಿಂದ ಒಂದು ದನಿ. ಮೇಸ್ತ್ರಿಗೆ ತನ್ನ ಬಾಯಿ ತನ್ನ ಅಪ್ಪಣೆ ಕೇಳದೆ ತೆರೆದದ್ದು ಕಂಡು ತನಗೇ ಗಾಬರಿಯಾಯಿತು.

ಡಾಕ್ಟರಮ್ಮ ಸಂತೋಷದಿಂದ ಹೊರಟುಹೋದರು. ಹೆಂಡತಿ ಬಾಗಿಲು ಹಾಕಿಕೊಂಡು ಬಂದು ಗಂಡನ ಎದುರು ನಿಂತಳು.

“ನೋಡಿ. ಕಾಗದದ ಮೇಲೆ ನಾನು ಬರೆದುಕೊಡ್ತೀನಿ. ಇದೊಂದೇ ಸಲ. ಇದು ಕೆಟ್ಟರೆ ಕೈ ಮಾತ್ರ ಅಲ್ಲ, ನನ್ನ ಕಣ್ಣೂ ಹೋಗಿದೆ ಅಂತ ಲೆಕ್ಕ. ಆಮೇಲೆ ಈ ಮನೇಲಿ ಚಿತ್ರದ ಸುದ್ದಿ ಎತ್ತಬಾರದು. ಬ್ರಷ್ಷೆಲ್ಲ ನನ್ನ ತಮ್ಮನ ಸೈಕಲ್ ಅಂಗಡಿಗೆ ಕೊಟ್ಬಿಡ್ತೀನಿ, ಗ್ರೀಸ್ ಹಚ್ಚೋಕಾದ್ರೂ ಆಗುತ್ತೆ.”

ಅವಳ ಮಾತು ತಮಾಷೆಯದಲ್ಲ ಎಂದು ಅವನಿಗೆ ಗೊತ್ತಾಯಿತು. ಆಗಲಿ ಎಂದು ತಲೆಯಾಡಿಸಿದ.

ಮೇಜಿನ ಒಂದು ಮೂಲೆ ಖಾಲಿ ಮಾಡಿಸಿಕೊಂಡು ಅವಳು ಐದು ದಿನ ಕೂತಳು. ಮೇಜಿನ ಎತ್ತರಕ್ಕೆ ಬಲಗೈ ಚೆನ್ನಾಗಿಯೇ ಆಡುತ್ತಿತ್ತು. ದೊಡ್ಡ ಸಿಸ್ಟರ್ ಅವರ ದಪ್ಪ ಹುಬ್ಬು, ಗದರಿಸುವುದಕ್ಕೆ ಸಿದ್ಧವಾದ ಬಾಯಿ, ಆ ಬಾಯಿಗೆ ಸ್ವಲ್ಪವೂ ಹೊಂದದ ಮೆತ್ತನೆಯ ಕಣ್ಣು, ಎಲ್ಲ ಒಂದೊಂದಾಗಿ ಬಂದವು. ಮೇಸ್ತ್ರಿ ತನ್ನ ವೈರುಗಳ ಹಿಂದಿನಿಂದ ಕದ್ದು ನೋಡುತ್ತಿದ್ದ. ಅವಳು ಪೆನ್ಸಿಲ್ಲಿನ ತುದಿ ಕಚ್ಚಿಕೊಂಡು ಯೋಚಿಸುವುದನ್ನು ನೋಡಿ ಎರಡು ವರ್ಷವಾಗಿತ್ತು. ಅವನಿಗೆ ಹೊಟ್ಟೆ ತುಂಬಿದಂತಾಯಿತು.

ಐದನೆಯ ದಿನ ಸಂಜೆ ಅವಳು ಕಾಗದವನ್ನು ತಿರುಗಿಸಿ ಅವನ ಮುಂದೆ ಹಿಡಿದಳು. “ಹೇಗಿದೆ?”

ಹಣೆ ಉದ್ದವಾಗಿತ್ತು. ಮೊದಲ ನೋಟಕ್ಕೇ ಅವನ ಕಣ್ಣಿಗೆ ಹೊಡೆಯಿತು. ಹುಬ್ಬಿನಿಂದ ಕೂದಲಿನ ತನಕ ಇರಬೇಕಾದದ್ದಕ್ಕಿಂತ ಎರಡು ಬೆರಳು ಹೆಚ್ಚು. ಅಯ್ಯೋ ಪಾಪ, ಅಭ್ಯಾಸ ತಪ್ಪಿಹೋಗಿ ಅಂದಾಜು ಕೈಕೊಟ್ಟಿದೆ ಎಂದುಕೊಂಡ. ಮೊದಲಿನ ದಿನಗಳಾಗಿದ್ದರೆ “ಇದೇನೇ, ಹಣೆಯೋ ಆಟದ ಮೈದಾನವೋ?” ಎಂದು ಕೂಗುತ್ತಿದ್ದ. ಈಗ ಅವಳ ಮುಖ ನೋಡಿದ. ಆ ಮುಖದಲ್ಲಿ ಆಸೆಯಿತ್ತು.

“ತುಂಬಾ ಚೆನ್ನಾಗಿದೆ,” ಎಂದ.

“ಏನೂ ಇಲ್ವಾ ಹೇಳೋಕೆ?”

“ಏನಿದೆ ಹೇಳೋಕೆ? ಹೇಳಿ ಮಾಡಿಸಿದ ಹಾಗಿದೆ.”

ಅವಳು ಕಾಗದ ಮಡಿಸಿಟ್ಟು ಎದ್ದಳು. ಇಷ್ಟಕ್ಕೇ ಬಿಟ್ಟಿದ್ದರೂ ಈ ಮಹಾರಾಯನಿಂದ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆದರೆ ಹೆಂಡತಿಗೆ ಸಹಾಯ ಮಾಡುವ ಗಂಡಂದಿರು ಒಂದಕ್ಕೇ ನಿಲ್ಲಿಸಿದ್ದನ್ನು ಯಾರು ಕಂಡಿದ್ದಾರೆ? ಕಂಪ್ಯೂಟರಿಗೆ ನಕ್ಷೆ ಊಡಿಸುವಾಗ ಅವನಿಗೆ ಕತ್ತಿನ ಲೆಕ್ಕ ನೆನಪಾಯಿತು. ಅಂದಾಜೇ ತಪ್ಪಿದವಳಿಗೆ ಆ ಲೆಕ್ಕ ಎಲ್ಲಿ ನೆನಪಿರಬೇಕು? ಕೇಳಿದರೆ ನೊಂದುಕೊಂಡಾಳು. ಸದ್ದಿಲ್ಲದೆ ತಾನೇ ಹಾಕಿಬಿಟ್ಟರಾಯಿತು ಎಂದು, ಕೆಳಗೆ ಒಂದು ಗೇಣು, ಮೇಲೆ ಗೇಣಿನ ಮೇಲೆ ನಾಲ್ಕು ಬೆರಳು ಬರುವಂತೆ ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಸೇರಿಸಿದ. ಸೇರಿಸಿ, ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಗೋಡೆಗೆ ಬಿಳಿ ಬಣ್ಣ ಬಳಿದಾಯಿತು. ಸೈಕಲ್ ರಿಪೇರಿ ಅಂಗಡಿಯ ಬಾಮೈದ ತನ್ನ ಕೆಲಸ ಬಿಟ್ಟು ಬಂದು ತಾರಸಿಯ ಎರಡು ಮೂಲೆಗೆ ಮೋಟಾರು ಬಿಗಿಯಲು ಕೈಜೋಡಿಸಿದ. “ಭಾವ, ಅಕ್ಕನಿಗೆ ಸವತಿ ತಂದವರನ್ನ ಕಂಡಿದ್ದೀನಿ. ಸವತಿನ ಮೂರನೇ ಮಹಡಿಯಿಂದ ನೇಣು ಹಾಕಿದವರು ನೀವೊಬ್ರೇ,” ಎಂದು ಹಲ್ಲುಗಿಂಜಿದ. ಪೇಂಟರಮ್ಮ ಮಾತ್ರ ಬರಲಿಲ್ಲ. ಪೂರ್ತಿ ಮುಗಿದ ಮೇಲೆ ಕರೆಯಿರಿ ಎಂದಿದ್ದಳು.

ಸವತಿ ಮೂರು ದಿನ ಓಡಿದಳು. ತಟ್ಟೆ ಗೋಡೆಯ ಮೇಲೆ ಎಡಕ್ಕೂ ಬಲಕ್ಕೂ ತೆವಳುತ್ತ ಹುಸ್, ಹುಸ್ ಎಂದು ಬಣ್ಣ ಉಗುಳುತ್ತಿದ್ದರೆ ಮೇಸ್ತ್ರಿ ತಾರಸಿಯ ಮೇಲೆ ಮೋಟಾರಿನ ಬಿಸಿ ಮುಟ್ಟಿ ನೋಡುತ್ತ, ತಂತಿ ಸಡಿಲವಾಯಿತೇ ಎಂದು ಎಳೆದು ನೋಡುತ್ತ ಕೂತುಬಿಟ್ಟ. ಇಪ್ಪತ್ತು ವರ್ಷ ರಸ್ತೆಯ ಆಚೆ ನಿಂತವನಿಗೆ ಈ ಮೂರು ದಿನ ಒಮ್ಮೆಯೂ ರಸ್ತೆ ದಾಟಬೇಕೆನಿಸಲಿಲ್ಲ. ಯಂತ್ರ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವನ ಪಾಲಿಗೆ ಅಷ್ಟು ಸಾಕಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳನ್ನು ಕರೆದುಕೊಂಡು ಬಂದ. ಡಾಕ್ಟರಮ್ಮ, ಬಾಮೈದ, ನಾಲ್ಕಾರು ದಾದಿಯರು, ಎಲ್ಲರೂ ರಸ್ತೆ ದಾಟಿ ಎದುರಿನ ಕಾಲುದಾರಿಯ ಮೇಲೆ ನಿಂತು ತಲೆಯೆತ್ತಿದರು.

ಗಲ್ಲ ಸರಿಯಿತ್ತು, ಬಾಯಿ ಸರಿಯಿತ್ತು. ಕಣ್ಣಿನಿಂದ ಮೇಲಕ್ಕೆ ಮುಖ ಬೆಳೆಯುತ್ತಲೇ ಹೋಗಿತ್ತು. ಹಣೆಯ ಮೇಲೆ ಇನ್ನೊಂದು ಮುಖ ಬರೆಯುವಷ್ಟು ಜಾಗವಿತ್ತು. ಒಬ್ಬ ದಾದಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ದೊಡ್ಡ ಸಿಸ್ಟರ್ ತಾವೇ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದರು. ಮೇಲೆ ನೋಡಿದರು, ತಮ್ಮ ಹಣೆಯನ್ನು ಮುಟ್ಟಿ ನೋಡಿಕೊಂಡರು.

“ಅಲ್ಲಮ್ಮಾ, ನನಗೆ ಇಷ್ಟು ತಲೆ ಇದ್ದಿದ್ರೆ ನಾನೇ ಡಾಕ್ಟರ್ ಆಗ್ತಿದ್ದೆನಲ್ಲ!”

ಎಲ್ಲರೂ ನಕ್ಕರು. ಆ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪೇಂಟರಮ್ಮ ಮಾತ್ರ ಗೋಡೆಯನ್ನೇ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿದ್ದ ಗಂಡನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, “ಕಣ್ಣೂ ಹೋಗಿದೆ,” ಎಂದಳು. ತಿರುಗಿ ಮನೆಯ ಕಡೆ ನಡೆದಳು. ಡಿಪೋದ ದಾರಿಯನ್ನು ಬಿಟ್ಟು ಹಿಂದಿನ ಓಣಿಗೆ ತಿರುಗಿದ್ದನ್ನು ಅವನು ನೋಡಿದ.

ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ. ಅವಳ ನಕ್ಷೆಯನ್ನು ತೆರೆದ. ತಾನು ಸೇರಿಸಿದ ನಾಲ್ಕು ಸಾಲನ್ನು ಅಳಿಸಿದ. ರಸ್ತೆಯ ಆಚೆಯಿಂದ ಹೇಗೆ ಕಾಣುತ್ತದೆ ಎಂದು ತೋರಿಸುವ ಒಂದು ಗುಂಡಿಯಿತ್ತು; ತನ್ನ ಲೆಕ್ಕದ ಮೇಲಿನ ಭರವಸೆಯಲ್ಲಿ ಇಷ್ಟು ದಿನ ಮುಟ್ಟದಿದ್ದ ಅದನ್ನು ಈಗ ಒತ್ತಿದ. ಪರದೆಯ ಮೇಲೆ ದೊಡ್ಡ ಸಿಸ್ಟರ್ ಬಂದು ಕೂತರು. ಹಣೆ ಹಣೆಯಷ್ಟೇ ಇತ್ತು, ಹುಬ್ಬು ಹುಬ್ಬಿನ ಜಾಗದಲ್ಲಿತ್ತು. ಇನ್ನೇನು ಬೈಯುತ್ತಾರೆ ಎನ್ನುವ ಹಾಗಿದ್ದರು. ಅವಳು ಏನನ್ನೂ ಮರೆತಿರಲಿಲ್ಲ. ಯಂತ್ರಕ್ಕೆ ಕತ್ತೆತ್ತಿ ನೋಡುವ ಬುದ್ಧಿಯಿಲ್ಲವೆಂದು ಕತ್ತಿನ ಲೆಕ್ಕವನ್ನು ಈ ಸಲ ಕಾಗದದಲ್ಲೇ ಹಾಕಿಕೊಟ್ಟಿದ್ದಳು. ಅದರ ಮೇಲೆ ಇವನೂ ಹಾಕಿದ್ದ. ಎರಡೆರಡು ಲೆಕ್ಕ ಸೇರಿ ಆ ಹಣೆ ಆಕಾಶ ನೋಡಿತ್ತು.

ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತುಕೊಂಡ.

ಮಾರನೆಯ ದಿನ ಬೆಳಿಗ್ಗೆ ಅವನು ಎದ್ದು ನೋಡುವಷ್ಟರಲ್ಲಿ ಹೆಂಡತಿ ಮನೆಯಲ್ಲಿರಲಿಲ್ಲ. ಬ್ರಷ್ಷಿನ ಡಬ್ಬವೂ ಇರಲಿಲ್ಲ. ಓಡುನಡಿಗೆಯಲ್ಲಿ ಬಾಮೈದನ ಅಂಗಡಿಗೆ ಹೋದ. ಅವಳು ಒಳಗಿನ ಕೋಣೆಯಲ್ಲಿ ಬ್ರಷ್ಷುಗಳನ್ನು ದೊಡ್ಡದು ಚಿಕ್ಕದು ಬೇರೆ ಮಾಡುತ್ತ ಕೂತಿದ್ದಳು. ಬಾಗಿಲಲ್ಲೇ ಬಾಮೈದ ತಡೆದ. ಮೇಸ್ತ್ರಿ ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಹೇಳಿದ.

“ಇದಕ್ಕೆ ಯಾಕೆ ಭಾವ ಇಷ್ಟು ಒದ್ದಾಡ್ತೀರಾ? ಮೆಷಿನ್ ಮೇಲೆ ಹಾಕಿ. ತಂತಿ ಹಿಗ್ಗಿತ್ತು ಅನ್ನಿ, ಮೋಟಾರ್ ಜಾರಿತು ಅನ್ನಿ. ಅದಕ್ಕೇನು ಬಾಯಿ ಬರುತ್ತಾ? ಅಕ್ಕನಿಗೂ ಸಮಾಧಾನ, ನಿಮಗೂ ಕ್ಷೇಮ.”

ಮಾತು ಸುಲಭವಾಗಿತ್ತು. ಮೇಸ್ತ್ರಿಗೆ ಅದೇ ಸರಿಯೆನಿಸಿತು. ಒಳಗೆ ಹೋಗಿ ಅವಳ ಎದುರಿನ ಟೈರಿನ ರಾಶಿಯ ಮೇಲೆ ಕೂತ.

“ಹಣೆ ನಿನ್ನ ತಪ್ಪಲ್ಲ ಕಣೇ. ಅದು, ಏನಾಯ್ತು ಅಂದ್ರೆ, ತಂತಿ ಸ್ವಲ್ಪ...” ಎಂದು ಶುರುಮಾಡಿದ.

ಅವಳು ತಲೆಯೆತ್ತಿದಳು. ಕಣ್ಣು ಊದಿಕೊಂಡಿದ್ದವು. ಆ ಕಣ್ಣುಗಳ ಎದುರು ತಂತಿಯ ಸುಳ್ಳು ಮುಂದೆ ಸಾಗಲಿಲ್ಲ.

“ತಂತಿ ಅಲ್ಲ. ನಾನು,” ಎಂದ. “ಕತ್ತಿನ ಲೆಕ್ಕ ನಾನೂ ಹಾಕಿದ್ದೆ. ನಿನಗೆ ಹೇಳದೇನೇ ಹಾಕಿದ್ದೆ. ನಿನ್ನ ನಕ್ಷೆ ಸರಿಯಾಗೇ ಇತ್ತು.”

ಅವಳ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು. “ನನ್ನ ನಕ್ಷೇಲಿ ಹಣೆ ಉದ್ದ ಇದ್ದದ್ದು ನೋಡಿದ್ರಾ?”

“ನೋಡ್ದೆ.”

“ನೋಡಿ ಏನು ಅಂದ್ಕೊಂಡ್ರಿ?”

ಮೇಸ್ತ್ರಿ ನೆಲ ನೋಡಿದ. “ನಿನಗೆ ಅಂದಾಜು ತಪ್ಪಿದೆ ಅಂದ್ಕೊಂಡೆ.”

“ಬಾಯಲ್ಲಿ ಏನು ಅಂದ್ರಿ?”

“ತುಂಬಾ ಚೆನ್ನಾಗಿದೆ ಅಂದೆ.”

ಅವಳು ಬ್ರಷ್ಷುಗಳನ್ನೆಲ್ಲ ಒಟ್ಟಿಗೆ ಬಾಚಿ ಡಬ್ಬಕ್ಕೆ ಎಸೆದ ಸದ್ದಿಗೆ ಹೊರಗಿದ್ದ ಬಾಮೈದ ಬೆಚ್ಚಿಬಿದ್ದು, ತನಗೇನೂ ಕೇಳಿಸುತ್ತಿಲ್ಲವೆಂದು ತೋರಿಸಿಕೊಳ್ಳಲು, ಎಲ್ಲ ಸರಿಯಿದ್ದ ಒಂದು ಚಕ್ರವನ್ನು ಸುತ್ತಿಗೆಯಿಂದ ಬಡಿಯತೊಡಗಿದ.

“ಬಿದ್ದಾಗ ಭುಜ ಮುರೀತು ರೀ. ಅದು ನೋವು, ತಡ್ಕೊಂಡೆ. ಆದ್ರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ನೀವು ನನ್ನ ಜೊತೆ ಜಗಳ ಆಡೋದು ಬಿಟ್ರಿ. ಚಹಾಕ್ಕೆ ಸಕ್ಕರೆ ಮರೆತ್ರೆ ಹದವಾಗಿದೆ ಅಂತೀರಿ. ಅಡುಗೆಗೆ ಎರಡು ಸಲ ಉಪ್ಪು ಬಿದ್ರೆ ರುಚಿಯಾಗಿದೆ ಅಂತೀರಿ. ಒಂದು ಸಲ ಬೇಕು ಅಂತಲೇ ಎರಡು ಸಲ ಹಾಕಿದ್ದೆ, ಬೈತೀರೇನೋ ಅಂತ. ತಟ್ಟೆ ನೆಕ್ಕಿದ್ರಿ.” ಅವಳು ಡಬ್ಬದ ಮುಚ್ಚಳವನ್ನು ಅದುಮಿ ಹಾಕಿದಳು. “ನಾನು ಮುಗಿದೆ ಅಂತ ನನಗೆ ಗೊತ್ತಾಗಿದ್ದು ಭುಜದಿಂದ ಅಲ್ಲ. ನಿಮ್ಮ ಬಾಯಿಂದ. ಸತ್ತವರ ಬಗ್ಗೆ ತಾನೇ ಜನ ಬರೀ ಒಳ್ಳೇ ಮಾತು ಆಡೋದು?”

ಎರಡು ವರ್ಷ ಅವನು ಅವಳನ್ನು ಹೂವಿನ ಹಾಗೆ ನೋಡಿಕೊಂಡಿದ್ದೇನೆ ಎಂದು ನಂಬಿದ್ದ. ಅವಳನ್ನು ಅಷ್ಟು ದಿನ ಒಬ್ಬಳನ್ನೇ ಬಿಟ್ಟಿದ್ದೆ ಎಂದು ಈಗ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋಗಿ ಟೈರಿನ ಮಸಿಯನ್ನೆಲ್ಲ ಮುಖಕ್ಕೆ ಬಳಿದುಕೊಂಡ.

“ಆ ಹಣೆ ನಾನು ಹೇಗೆ ಬರೆದೆ ಗೊತ್ತಾ?” ಎಂದಳು ಅವಳು, ಸ್ವಲ್ಪ ತಣ್ಣಗಾಗಿ. “ಮೇಜಿನ ಮುಂದೆ ಕಣ್ಣು ಮುಚ್ಚಿಕೊಂಡು ಕೂತು, ನೀವು ರಸ್ತೆ ಆಚೆ ನಿಂತಿದ್ದೀರಿ ಅಂದ್ಕೊಂಡೆ. ಇನ್ನೂ ಮೇಲೆ, ಇನ್ನೂ ಮೇಲೆ ಅಂತ ಕೂಗ್ತಿದ್ದೀರಿ ಅಂದ್ಕೊಂಡೆ. ಹಾಗೇ ಬರೆದೆ.”

ಅವನು ಬಿಕ್ಕಿದ. ಹೊರಗೆ ಸುತ್ತಿಗೆಯ ಸದ್ದು ನಿಂತೇ ಹೋಯಿತು.

“ಮಸಿ ಒರೆಸ್ಕೊಳ್ಳಿ,” ಎಂದು ಅವಳು ತನ್ನ ಸೆರಗಿನಿಂದ ತಾನೇ ಒರೆಸಿದಳು, ಕೋಪದಲ್ಲಿ ಸ್ವಲ್ಪ ಜೋರಾಗಿಯೇ. “ಸಿಸ್ಟರ್ ನಿವೃತ್ತಿಗೆ ಇನ್ನು ಎಷ್ಟು ದಿನ ಇದೆ?”

“ಐದು.”

“ಗೋಡೆಗೆ ಮತ್ತೆ ಬಿಳಿ ಬಳಿಸಿ. ನಕ್ಷೆ ಬದಲಾಯಿಸ್ತೀನಿ.”

ಮನೆಗೆ ಬಂದವಳು ಮುಖದ ಅಳತೆಯನ್ನು ಮುಟ್ಟಲಿಲ್ಲ. ಕೂಸನ್ನೂ ಅದನ್ನು ಹಿಡಿದ ಎರಡು ಕೈಗಳನ್ನೂ ಅಳಿಸಿ, ಅವನ್ನು ಗೋಡೆಯ ಬುಡಕ್ಕೆ ಇಳಿಸಿದಳು. ದೊಡ್ಡ ಸಿಸ್ಟರ್ ಈಗ ಮೇಲಿನಿಂದ ಬಾಗಿ ಕೆಳಗಿನ ಕೂಸನ್ನು ನೋಡುತ್ತಿದ್ದರು. ಕೈ ಮತ್ತು ಕೂಸು ಬರಬೇಕಾದ ಬುಡದ ಜಾಗವನ್ನು ನಕ್ಷೆಯಲ್ಲಿ ಖಾಲಿ ಬಿಟ್ಟು ಅದರ ಮೇಲಂಚಿಗೊಂದು ಗೆರೆ ಎಳೆದಳು.

“ಈ ಗೆರೆಯಿಂದ ಮೇಲೆ ಸವತಿದು. ಇದರಿಂದ ಕೆಳಗೆ ನನ್ನ ಕೈ ಎಟಕುತ್ತೆ. ಅಲ್ಲಿ ಅವಳು ಕಾಲಿಡಕೂಡದು.”

ಅವನು ಗೆರೆ ನೋಡಿದ. ಗೋಡೆಯ ಮೇಲೆ ಅದು ಸರಿಯಾಗಿ ಅವಳ ಹೆಗಲಿನ ಎತ್ತರಕ್ಕೆ ಬರುತ್ತಿತ್ತು.

ಸವತಿ ಮತ್ತೆ ಓಡಿದಳು. ಈ ಸಲ ಪೇಂಟರಮ್ಮ ರಸ್ತೆಯ ಆಚೆ ಕುರ್ಚಿ ಹಾಕಿಕೊಂಡು ಮೂರು ದಿನವೂ ಕೂತಳು. ತನ್ನ ಚಿತ್ರ ಗೋಡೆಯ ಮೇಲೆ ಮೂಡುವುದನ್ನು ದೂರದಿಂದ ನೋಡುವುದು ಅವಳಿಗೆ ಜೀವನದಲ್ಲಿ ಇದೇ ಮೊದಲು. ಎರಡು ಸಲ ಯಂತ್ರ ನಿಲ್ಲಿಸಿ ಹುಬ್ಬು ತಿದ್ದಿಸಿದಳು. ಮುಖ ಪೂರ್ತಿಯಾದಾಗ ದೊಡ್ಡ ಸಿಸ್ಟರ್ ಬಂದು ನೋಡಿ, “ಈಗ ನಾನು. ಆದ್ರೆ ಇಷ್ಟು ಸಿಟ್ಟು ನನಗೆ ಯಾವತ್ತಾದ್ರೂ ಬಂದಿದೆಯೇನಮ್ಮ?” ಎಂದು ಸಿಟ್ಟಿನಿಂದ ಕೇಳಿದರು.

ಕೊನೆಯ ದಿನ ಬೆಳಿಗ್ಗೆ ಅವಳು ಬ್ರಷ್ ಹಿಡಿದು ಗೋಡೆಯ ಬುಡದಲ್ಲಿ ನಿಂತಳು. ಬಲಗೈಯ ಮೊಣಕೈಗೆ ಎಡಗೈಯ ಆಸರೆ ಕೊಟ್ಟುಕೊಂಡು, ನಾಲ್ಕು ಗೆರೆ ಎಳೆದು ಒಮ್ಮೆ ಕೈ ಇಳಿಸಿ, ಮತ್ತೆ ಎತ್ತಿ ಬರೆದಳು. ಮಧ್ಯಾಹ್ನದ ಹೊತ್ತಿಗೆ ಕೂಸು ಬಂತು, ಮುಷ್ಟಿ ಬಿಗಿಹಿಡಿದು ಬಾಯಿ ತೆರೆದು ಅಳುವ ಕೂಸು. ಆಮೇಲೆ ಅ‌ದನ್ನು ಹಿಡಿದ ಕೈಗಳು ಬಂದವು. ಆಸ್ಪತ್ರೆಯ ಅಂಗಳದಲ್ಲಿ ಆಗಲೇ ಬೀಳ್ಕೊಡುಗೆಗೆ ಕುರ್ಚಿ ಹಾಕುತ್ತಿದ್ದರು. ಮೇಸ್ತ್ರಿ ರಸ್ತೆಯ ಆಚೆ ನಿಂತಿದ್ದ. ಅವಳು ನಿಂತಲ್ಲಿಂದಲೇ ತಿರುಗಿ ಕೂಗಿದಳು.

“ಹೇಗಿದೆ?”

ಅವಳ ಭುಜ ನೋವಿಗೆ ಒಂದು ಕಡೆ ವಾಲಿತ್ತು. ಮುಖ ಬೆವರಿತ್ತು. ಚಿತ್ರ ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಎಡಗೈಯ ಹೆಬ್ಬೆರಳೊಂದು ಬಿಟ್ಟು. ಅದು ಕೂಸಿನ ಕತ್ತಿನ ಹಿಂದೆ ಇರಬೇಕಿತ್ತು, ಬದಿಗೆ ಸರಿದುಹೋಗಿತ್ತು. ನೂರು ಜನ ನೋಡಿದರೂ ತೊಂಬತ್ತೊಂಬತ್ತು ಜನರಿಗೆ ಅದು ತಿಳಿಯುತ್ತಿರಲಿಲ್ಲ. ಅಳಿಸಿ ಬರೆಯಬೇಕೆಂದರೆ ಇನ್ನೊಂದು ಗಂಟೆ ಆ ಕೈ ಎತ್ತಿ ಹಿಡಿಯಬೇಕು. ಮೇಸ್ತ್ರಿಯ ನಾಲಿಗೆಯ ತುದಿಗೆ ತುಂಬಾ ಚೆನ್ನಾಗಿದೆ ಎಂಬ ಮಾತು ಬಂದು ನಿಂತಿತು. ಅವನು ಅದನ್ನು ನುಂಗಿದ. ಎರಡೂ ಕೈಗಳನ್ನು ಬಾಯಿಗೆ ಸುತ್ತುಗಟ್ಟಿ, ಬೀದಿಗೆ ಬೀದಿಯೇ ತಿರುಗಿ ನೋಡುವ ಹಾಗೆ ಕೂಗಿದ.

“ಎಡಗೈ ಹೆಬ್ಬೆರಳು ಪೂರ್ತಿ ತಪ್ಪು ಕಣೇ! ಮಗು ಜಾರಿ ಬೀಳುತ್ತೆ!”

ಅವಳು ಬ್ರಷ್ ಹಿಡಿದ ಕೈ ಇಳಿಸಿ ಗೋಡೆಯ ಕಡೆ ತಿರುಗಿದಳು. ಅಂಗಳದಿಂದ ಬಂದ ದೊಡ್ಡ ಸಿಸ್ಟರ್ ಚಿತ್ರದ ಕೈಯನ್ನು ಬಗ್ಗಿ ನೋಡಿ, “ನಿನ್ನ ಗಂಡ ಹೇಳಿದ್ದು ಸರಿ. ಹೀಗೆ ಹಿಡಿದವಳನ್ನ ನಾನು ಅವತ್ತೇ ಮನೆಗೆ ಕಳಿಸ್ತಿದ್ದೆ,” ಎಂದರು.

“ಕತ್ತು ಸೊಟ್ಟ ಮಾಡ್ಕೊಂಡು ನೋಡಿದ್ರೆ ಎಲ್ಲ ತಪ್ಪೇ ಕಾಣುತ್ತೆ!” ಎಂದು ಪೇಂಟರಮ್ಮ ರಸ್ತೆಯ ಆಚೆಗೆ ಕೂಗಿದಳು. ಆ ದನಿಯನ್ನು ಅವನು ಎರಡು ವರ್ಷದಿಂದ ಕೇಳಿರಲಿಲ್ಲ. “ಅಲ್ಲೇ ನಿಂತಿರಿ! ಸರಿಯಾಗೋ ತನಕ ಕದಲಬೇಡಿ!”

ಅವಳು ಬಟ್ಟೆಯಿಂದ ಹೆಬ್ಬೆರಳನ್ನು ಒರೆಸಿದಳು, ಮೊಣಕೈಗೆ ಮತ್ತೆ ಆಸರೆ ಕೊಟ್ಟುಕೊಂಡಳು.

“ಇನ್ನೂ ಒಳಗೆ!” ಎಂದು ಮೇಸ್ತ್ರಿ ಕೂಗಿದ. “ಇನ್ನೂ ಸ್ವಲ್ಪ!” ಮೂರನೆಯ ಸಲ ಕೂಗುವ ಮೊದಲು ಅವನು ತನ್ನ ಕತ್ತನ್ನು ನೆಟ್ಟಗೆ ಮಾಡಿಕೊಂಡ. ಅವಳು ಬ್ರಷ್ ಎತ್ತಿ ಹಿಡಿದು, ಅವನು ಹೇಳುವುದಕ್ಕೆ ಕಾಯುತ್ತ ನಿಂತಳು.